ರಕ್ತದ ಮಾತ್ರೆ ಎಂದು ಬರೆದ ಚೀಟಿ

ಆ ಚೀಟಿ ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮಿಕ್ಕದ್ದನ್ನು ಹೇಳುವುದು ಸ್ವಲ್ಪ ಸಲೀಸು.

ಎಚ್‌ಐವಿ ಇರುವವರಿಗೆ ಸರ್ಕಾರದ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಕೊಡುವ ಮಾತ್ರೆ ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ. ಒಳಗೆ ಮೂವತ್ತು ಮಾತ್ರೆ, ದಿನಕ್ಕೊಂದು. ಡಬ್ಬಿಯ ಮೇಲೆ ಔಷಧಿಯ ಹೆಸರಿನ ಕಾಗದ ಅಂಟಿಸಿರುತ್ತಾರೆ. ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ನೋಡುವ ಮೈದುನನೊಬ್ಬ ಯಾವ ಮನೆಯಲ್ಲಾದರೂ ಇದ್ದೇ ಇರುತ್ತಾನೆ. ಅದಕ್ಕೇ ಹಳ್ಳಿಗಳಲ್ಲಿ ಓಡಾಡುವ ನಮ್ಮಂಥ ಕಾರ್ಯಕರ್ತೆಯರು ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಆಮೇಲೆ ಉಗುರಿನಿಂದ ಕೆರೆದರೆ ಕಾಗದ ಬಿಟ್ಟುಕೊಳ್ಳುತ್ತದೆ. ಗಲಗಲ ಸದ್ದು ಬಾರದಿರಲೆಂದು ಡಬ್ಬಿಯ ಬಾಯಿಗೆ ಒಂದು ಉಂಡೆ ಹತ್ತಿ ತುರುಕುತ್ತೇವೆ. ಮೇಲೆ ಹೊಸ ಚೀಟಿ ಅಂಟಿಸುತ್ತೇವೆ. ಗ್ಯಾಸ್ಟ್ರಿಕ್ಕು, ಮೂಳೆ ನೋವು, ಥೈರಾಯ್ಡು, ಯಾರಿಗೆ ಯಾವುದು ಹೊಂದುತ್ತದೋ ಅದು.

ಚಿನಕುರಳಿ ಕಡೆಯ ಒಬ್ಬ ಬಸುರಿ ಹುಡುಗಿಗೆ ನಾನು "ರಕ್ತದ ಮಾತ್ರೆ" ಎಂದು ಬರೆದುಕೊಟ್ಟೆ. ಬಸುರಿಯರು ರಕ್ತ ಹೆಚ್ಚಲು ಕಬ್ಬಿಣದ ಮಾತ್ರೆ ನುಂಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಯಾರೂ ಎರಡನೇ ಸಲ ನೋಡುವುದಿಲ್ಲ ಎಂದುಕೊಂಡೆ. ನನ್ನ ಜಾಣತನ ನನಗೇ ಹಿಡಿಸಿತ್ತು.

ಆ ಹುಡುಗಿಯ ಗಂಡ ಕಲ್ಲು ಕ್ವಾರಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಅವಳಿಗೆ ಮೂರನೇ ತಿಂಗಳಲ್ಲಿ ಮಾಡಿದ ಪರೀಕ್ಷೆಯಲ್ಲಿ ಗೊತ್ತಾಯಿತು, ಆಮೇಲೆ ಅವನಿಗೂ ಮಾಡಿಸಿದಾಗ ಅವನಿಗೂ ಇತ್ತು. ಇಬ್ಬರೂ ನನ್ನ ಎದುರಿಗೆ ಒಂದೇ ಬೆಂಚಿನಲ್ಲಿ ಕೂತು, ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡರು. ತಾಯಿ ಸರಿಯಾಗಿ ಮಾತ್ರೆ ನುಂಗಿದರೆ ಕೂಸಿಗೆ ಸೋಂಕು ತಗಲದಂತೆ ಕಾಯಬಹುದು. ನನ್ನ ಕೆಲಸ ಅಷ್ಟೇ, ಆ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು. ಅವತ್ತಿನಿಂದ ನಾನು ಅವಳ ಗಂಡನ ಕಡೆಯ ದೂರದ ಚಿಕ್ಕಮ್ಮನಾದೆ.

ಚಿಕ್ಕಮ್ಮ ಆಗುವುದೂ ನಮ್ಮ ಕೆಲಸದ ಒಂದು ಪಟ್ಟು. ಆಸ್ಪತ್ರೆಯ ಕಿಟಕಿಯಲ್ಲಿ "ಪೇಶೆಂಟಿಗೆ ನೀವೇನಾಗಬೇಕು?" ಎಂದು ಕೇಳುತ್ತಾರೆ. ಕಾರ್ಯಕರ್ತೆ ಎಂದರೆ ಹಿಂದೆ ನಿಂತವರೆಲ್ಲ ಕತ್ತು ಚಾಚುತ್ತಾರೆ. ಚಿಕ್ಕಮ್ಮ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ನಾನು ಎಷ್ಟು ಜನಕ್ಕೆ ಚಿಕ್ಕಮ್ಮ ಎಂಬುದು ನನಗೂ ಮರೆತಿದೆ. ನಾಗಮಂಗಲದ ಒಬ್ಬ ನರ್ಸು ಒಂದು ದಿನ ಕೇಳಿಯೇಬಿಟ್ಟಳು: "ಅಲ್ಲ ಕನಮ್ಮ, ನಿಮ್ಮಕ್ಕದೀರು ಒಟ್ಟು ಎಷ್ಟು ಜನ?"

ಏಳನೇ ತಿಂಗಳಲ್ಲಿ ಹುಡುಗಿಗೆ ಸೀಮಂತವಾಯಿತು. ಚಿಕ್ಕಮ್ಮನೆಂದ ಮೇಲೆ ಹೋಗದೆ ಇರಲಾದೀತೇ. ಮೂವತ್ತು ಮಾತ್ರೆ ತುಂಬಿದ ಹೊಸ ಡಬ್ಬಿಯನ್ನು ಮಡಿಲಕ್ಕಿಯ ಚೀಲಕ್ಕೆ ಸೇರಿಸಿ ಕೊಟ್ಟೆ. ಅವತ್ತೇ ಅವಳ ತಾಯಿಯನ್ನು ಮೊದಲ ಸಲ ನೋಡಿದ್ದು. ಗಂಡ ತೀರಿಕೊಂಡ ಮೇಲೆ ನಾಲ್ಕು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಮಗಳನ್ನು ಬೆಳೆಸಿದ ಹೆಂಗಸು. ದನಿ ಒರಟು. ಒಬ್ಬಳ ಸೀರೆ ಅಂಚಿನಿಂದ ಹಿಡಿದು ಇನ್ನೊಬ್ಬಳ ಸೊಸೆಯವರೆಗೆ ಎಲ್ಲದಕ್ಕೂ ಅವಳದೊಂದು ಅಭಿಪ್ರಾಯ. ನನ್ನ ಕತ್ತರಿಸಿದಂತಿದ್ದ ಕೂದಲು ನೋಡಿ "ಇದೇನವ್ವ, ಗಂಡುಡ್ಗನ ಕ್ರಾಪು?" ಎಂದಳು. "ಮಾದಪ್ಪನಿಗೆ ಮುಡಿ ಕೊಟ್ಟಿದ್ದೆ" ಎಂದೆ. ಅವಳು ಕೈಮುಗಿದಳು. ಮಗಳನ್ನು ಅವತ್ತೇ ಸಿಂಧಘಟ್ಟದ ಬಳಿಯ ತವರಿಗೆ ಕರೆದುಕೊಂಡು ಹೋದಳು.

ಮಾದಪ್ಪನಿಗೆ ನಾನು ಮುಡಿ ಕೊಟ್ಟಿರಲಿಲ್ಲ. ಕೂದಲು ಹೋದದ್ದು ಕ್ಯಾನ್ಸರ್ ಔಷಧಿಗೆ. ಅದಕ್ಕೂ ಮೊದಲು ಬಲಗಡೆಯ ಸ್ತನ ತೆಗೆದಿದ್ದರು. ಅಣ್ಣ ಅತ್ತಿಗೆಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಊರಿಗೆ ಗರ್ಭಕೋಶದ ಆಪರೇಷನ್ ಎಂದು ಹೇಳಿದ್ದೆವು. ಅಣ್ಣನ ಮಗಳಿಗೆ ಗಂಡು ನೋಡುತ್ತಿದ್ದರು. ಅತ್ತೆಗೆ ಕ್ಯಾನ್ಸರಂತೆ, ಆ ಮನೆತನದಲ್ಲೇ ಉಂಟಂತೆ ಎಂದು ಯಾರಾದರೂ ಒಂದು ಮಾತು ಎಸೆದರೆ ಬಂದ ಗಂಡೂ ವಾಪಸು ಹೋಗುತ್ತದೆ. ಎದೆಯ ಖಾಲಿ ಜಾಗಕ್ಕೆ ನಾನೇ ಹಳೆಯ ಸೀರೆ ತುಂಡಿನಲ್ಲಿ ಸಾಸಿವೆ ತುಂಬಿ ಒಂದು ದಿಂಡು ಹೊಲಿದುಕೊಂಡಿದ್ದೆ. ಬಸ್ಸಿನ ಕಂಬಿ ಹಿಡಿದು ಒಂದು ಗಂಟೆ ನಿಂತರೆ ಬಲಗೈ ಊದಿಕೊಳ್ಳುತ್ತಿತ್ತು. ಡಾಕ್ಟರು ಹೇಳಿದ ಆರು ತಿಂಗಳ ತಪಾಸಣೆಯ ದಿನ ದಾಟಿಹೋಗಿತ್ತು. ಸುಸ್ತು ಎಂಬ ಮಾತು ಚಿಕ್ಕದಾಯಿತು. ಬೆಳಗ್ಗೆ ಚಪ್ಪಲಿ ಮೆಟ್ಟುವಾಗಲೇ ವಾಪಸು ಬಂದು ಬಿಚ್ಚುವುದನ್ನು ನೆನೆಯುತ್ತಿದ್ದೆ.

ಹುಡುಗಿಗೆ ಎರಡು ಮೂರು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. "ತಗೋತಾ ಇದೀಯೇನವ್ವ?" ಎಂದರೆ "ಊ ಚಿಕ್ಕಮ್ಮ" ಎನ್ನುತ್ತಿದ್ದಳು. ಹಿಂದೆ ತಾಯಿಯ ದನಿ ಕೇಳುತ್ತಿತ್ತು. ಅದಕ್ಕಿಂತ ಹೆಚ್ಚು ನಾನು ಕೇಳುವಂತಿರಲಿಲ್ಲ, ಅವಳು ಹೇಳುವಂತಿರಲಿಲ್ಲ.

ಎಂಟನೇ ತಿಂಗಳಲ್ಲಿ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ ಮಾಡಿಸಬೇಕು. ಅವಳು ಗಂಡನ ಜೊತೆ ಕೇಂದ್ರಕ್ಕೆ ಬಂದಳು, ನಾನೂ ಹೋಗಿದ್ದೆ. ಅಲ್ಲಿಯ ಕ್ರಮವೆಂದರೆ ಹಳೆಯ ಡಬ್ಬಿಯನ್ನು ತರಬೇಕು. ಆಪ್ತ ಸಮಾಲೋಚಕಿ ಉಳಿದ ಮಾತ್ರೆಗಳನ್ನು ಮೇಜಿನ ಮೇಲೆ ಸುರಿದು ಎಣಿಸಿ, ಎಷ್ಟು ದಿನ ತಪ್ಪಿದೆ ಎಂದು ನೋಡುತ್ತಾರೆ. ಅವತ್ತು ಅವರು ಡಬ್ಬಿಗೆ ಕೈಚಾಚಿದರು. ಹುಡುಗಿ ಕೈಚೀಲವನ್ನು ಹೊಟ್ಟೆಗೆ ಅವುಚಿಕೊಂಡು ಕೂತಿದ್ದಳು, ತೆರೆಯಲಿಲ್ಲ.

"ಡಬ್ಬಿ ಇಲ್ಲ" ಎಂದಳು. "ತವರ್ಗೆ ಓದ ಮೂರ್ನೇ ದಿನಾನೇ ನಮ್ಮವ್ವ ತಿಪ್ಪೆಗೆ ಸುರುದ್ಬುಟ್ಲು."

ಗಂಡ ಎದ್ದು ನಿಂತ. ಸಮಾಲೋಚಕಿ ಅವನನ್ನು ಕೂರಿಸಿ, ಯಾಕೆ ಎಂದು ಕೇಳಿದರು.

"ಮೇಲೆ ರಕ್ತದ ಮಾತ್ರೆ ಅಂತ ಇತ್ತಲ್ಲ. ಅದ ತಿಂದ್ರೆ ಕೂಸು ಕರ್ರಗಾಯ್ತದೆ, ದಪ್ಪ ಆಗಿ ಒಟ್ಟೆ ಕುಯ್ಯೋ ಅಂಗಾಯ್ತದೆ ಅಂತ ನಮ್ಮವ್ವ. ನಮ್ಮೂರಲ್ಲಿ ಯಾರೂ ತಿನ್ನಲ್ಲ, ಆಶಾ ಕಾರ್ಯಕರ್ತೆ ಕೊಟ್ಟೋಯ್ತಾಳೆ, ಇವ್ರು ಎಸೀತಾರೆ."

ಈ ನಂಬಿಕೆ ನನಗೆ ಗೊತ್ತಿಲ್ಲದ್ದಲ್ಲ. ನನ್ನ ಅತ್ತಿಗೆ ಬಸುರಿಯಾಗಿದ್ದಾಗ ನನ್ನ ತಾಯಿಯೇ ಆ ಕೆಂಪು ಮಾತ್ರೆಗಳನ್ನು ಸಂಪಿಗೆ ಗಿಡದ ಬುಡಕ್ಕೆ ಹಾಕಿದ್ದಳು. ಸಾಲದ್ದಕ್ಕೆ ಎಚ್‌ಐವಿ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ನಡುವೆ ಹೊತ್ತು ಬಿಡಬೇಕು ಎಂದು ನಾನೇ ಹತ್ತಾರು ಜನಕ್ಕೆ ಪಾಠ ಹೇಳಿದವಳು. ಅಂಥವಳು ಒಂದರ ಮೇಲೆ ಇನ್ನೊಂದರ ಹೆಸರು ಬರೆದೆ. ಆ ದಿನ ಕೈ ನೋಯುತ್ತಿತ್ತು, ಬಸ್ಸಿಗೆ ಹೊತ್ತಾಗಿತ್ತು, ಬೇಗ ಹೊಳೆದದ್ದನ್ನು ಗೀಚಿಬಿಟ್ಟಿದ್ದೆ.

"ನನಗಾದರೂ ಫೋನಲ್ಲಿ ಒಂದು ಮಾತು ಹೇಳಬಾರದಿತ್ತಾ?" ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು. ಯಾರ ಮೇಲಿನ ಸಿಟ್ಟನ್ನು ಯಾರ ಮೇಲೆ ತೀರಿಸುತ್ತಿದ್ದೆನೋ.

"ಯಾರ್ಗೂ ಅನುಮಾನ ಬರಬಾರ್ದು ಅಂತ ನೀವೇ ಯೋಳಿದ್ರಿ. ರಕ್ತದ ಮಾತ್ರೆ ಓಯ್ತು ಅಂತ ಯಾರಾದ್ರೂ ಗೋಳಾಡ್ತಾರಾ ಚಿಕ್ಕಮ್ಮ?"

ಇಪ್ಪತ್ತೇಳು ದಿನ ತಪ್ಪಿತ್ತು. ರಕ್ತ ತೆಗೆದುಕೊಂಡರು, ಹೊಸ ಡಬ್ಬಿ ಕೊಟ್ಟರು, ಅಲ್ಲೇ ಎದುರಿಗೇ ಒಂದು ಮಾತ್ರೆ ನುಂಗಿಸಿದರು. ಈ ಸಲ ಡಬ್ಬಿಯ ಮೇಲೆ ನಾನು ಏನನ್ನೂ ಬರೆಯಲಿಲ್ಲ. ಅವಳು ಅದನ್ನು ರವಿಕೆಗಳ ನಡುವೆ ಸುತ್ತಿ ಟ್ರಂಕಿನ ತಳದಲ್ಲಿಟ್ಟು, ಸಂಜೆ ತಾಯಿ ಡೈರಿಗೆ ಹೋದಾಗ ತೆಗೆದು ನುಂಗಬೇಕು ಎಂದು ಒಪ್ಪಂದವಾಯಿತು.

ಹತ್ತು ದಿನಕ್ಕೆ ವರದಿ ಬಂತು. ವೈರಸ್ ಏರಿತ್ತು. ಸಮಾಲೋಚಕಿ ನನ್ನನ್ನು ಕೂರಿಸಿಕೊಂಡು ಮುಂದಿನದನ್ನು ಒಂದೊಂದಾಗಿ ಹೇಳಿದರು. ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕೂಸಿನ ಬಾಯಿಗೆ ಔಷಧಿ ಬೀಳಬೇಕು. ಒಂದಲ್ಲ, ಎರಡು ಬಗೆಯ ಸಿರಪ್ಪು, ಹನ್ನೆರಡು ವಾರ, ದಿನ ತಪ್ಪದೆ. ತಾಯಿ ಮಾತ್ರೆ ತಪ್ಪಿಸದಿದ್ದರೆ ಎದೆಹಾಲು ಕೊಡಬಹುದು, ಆದರೆ ಆರು ತಿಂಗಳು ಔಷಧಿ ಮತ್ತು ಆ ಹಾಲು ಬಿಟ್ಟು ಇನ್ನೇನೂ ಮುಟ್ಟಿಸಬಾರದು, ನೀರು ಕೂಡ.

ಬಸ್ಸಿನಲ್ಲಿ ಬರುತ್ತಾ ಇದನ್ನೆಲ್ಲ ಆ ಮನೆಗೆ ಹೊಂದಿಸಿ ನೋಡಿದೆ. ಬಾಣಂತಿ ಮನೆಯಲ್ಲಿ ಕೂಸು ಹೆತ್ತವಳದಲ್ಲ, ಅಜ್ಜಿಯದು. ನೀರು ಹಾಕುವವಳು, ಬಜೆ ತೇಯ್ದು ನೆಕ್ಕಿಸುವವಳು, ನಾಲಿಗೆಗೆ ಜೇನು ಸವರುವವಳು, ಅತ್ತರೆ ಹಸುವಿನ ಹಾಲನ್ನು ಬತ್ತಿಯಲ್ಲಿ ಅದ್ದಿ ಹಿಂಡುವವಳು ಅವಳು. ಅವಳಿಗೆ ಗೊತ್ತಿಲ್ಲದ ಹಾಗೆ ಒಂದು ದಿನ ಔಷಧಿ ಕೊಡಬಹುದು, ಹನ್ನೆರಡು ವಾರ ಆಗುವ ಮಾತಲ್ಲ. ಹುಡುಗಿಯ ತಾಯಿಗೆ ತಿಳಿಯಲೇಬೇಕಿತ್ತು. ಆದರೆ ಹೇಳುವ ಹಕ್ಕು ನನ್ನದಲ್ಲ. ಅವರ ಒಪ್ಪಿಗೆ ಇಲ್ಲದೆ ಒಬ್ಬರ ಸೋಂಕಿನ ವಿಷಯ ಬಾಯಿಬಿಡುವುದಕ್ಕೆ ಕಾನೂನೂ ಒಪ್ಪುವುದಿಲ್ಲ, ನನ್ನ ಕೆಲಸವೂ ಒಪ್ಪುವುದಿಲ್ಲ. ಹುಡುಗಿಯೇ ಹೇಳಬೇಕು.

ಹುಡುಗಿ ಸುತರಾಂ ಒಪ್ಪಲಿಲ್ಲ. ಕೆ.ಆರ್.ಪೇಟೆ ಆಸ್ಪತ್ರೆಯಲ್ಲಿ ಅವಳ ನೆಂಟರೊಬ್ಬರಿದ್ದರು ಎಂದು ಸ್ಕ್ಯಾನಿಂಗಿಗೆ ನಾಗಮಂಗಲಕ್ಕೆ ಹೋಗಿದ್ದೆವು. ವಾಪಸು ಬರುವ ಬಸ್ಸಿಗೆ ಕಾಯುತ್ತಾ ಕಲ್ಲುಬೆಂಚಿನ ಮೇಲೆ ಕೂತು ನಾನು ಮತ್ತೆ ಶುರುಮಾಡಿದೆ. ನಿಮ್ಮವ್ವ ನಿನ್ನನ್ನು ಬಿಟ್ಟುಕೊಡುವುದಿಲ್ಲ, ಬಚ್ಚಿಟ್ಟಷ್ಟೂ ಕಷ್ಟ ಹೆಚ್ಚು, ಹೇಳಿದರೆ ಎದೆಯ ಭಾರ ಇಳಿಯುತ್ತದೆ. ವರ್ಷಗಟ್ಟಲೆ ಹೇಳಿ ಸವೆದ ಮಾತುಗಳು. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಮಡಿಲು ನೋಡುತ್ತಿದ್ದಳು.

"ಚಿಕ್ಕಮ್ಮ, ನಿಮ್ ಸೀರೆಯಿಂದ ಸಾಸ್ವೆ ಉದುರ್ತಾವೆ."

ನೋಡಿದೆ. ದಿಂಡಿನ ಹೊಲಿಗೆ ಬಿಟ್ಟಿತ್ತು. ರವಿಕೆಯ ಕೆಳಗಿನಿಂದ ಸಾಸಿವೆ ಒಂದೊಂದೇ ಮಡಿಲಿಗಿಳಿದು, ಅಲ್ಲಿಂದ ಬೆಂಚಿಗೆ, ಬೆಂಚಿನಿಂದ ನೆಲಕ್ಕೆ ಉರುಳುತ್ತಿತ್ತು. ಎದೆಗೆ ಕೈ ಒತ್ತಿಕೊಂಡೆ. ಎಂಟು ತಿಂಗಳ ಬಸುರಿ ಬಗ್ಗಲಾರದೆ ಬಗ್ಗಿ ಆರಿಸತೊಡಗಿದಳು. ನನಗೆ ನಗು ಬಂತು, ಹಿಂದೆಯೇ ಅಳು ಬಂತು. ಅವಳಿಗೆ ಎಲ್ಲ ಹೇಳಿದೆ. ಕ್ಯಾನ್ಸರ್ ಎಂಬ ಮಾತನ್ನು ಆಸ್ಪತ್ರೆಯ ಹೊರಗೆ ನನ್ನ ಬಾಯಿಂದ ಗಟ್ಟಿಯಾಗಿ ಆಡಿದ್ದು ಅದೇ ಮೊದಲು.

ಅವಳು ಆರಿಸಿದ ಸಾಸಿವೆಯನ್ನು ನನ್ನ ಕರ್ಚೀಫಿಗೆ ಹಾಕಿ ಗಂಟು ಕಟ್ಟಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಅಂಗಾರೆ ನೀವೂ ಯಾರ್ಗೂ ಯೋಳಿಲ್ಲ. ನಾನು ಮಾತ್ರ ಯೋಳ್ಬೇಕು."

ನನಗೆ ರೇಗಿತು. ನಿಜವಾದ್ದರಿಂದ ರೇಗಿತು. ಬಸ್ಸು ಬಂತು, ಇಬ್ಬರೂ ಹತ್ತಿದೆವು. ಅವಳ ಊರಿನಲ್ಲಿ ಅವಳು ಇಳಿದುಕೊಂಡಳು.

ಆಮೇಲಿನ ಎರಡು ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಮಲಗಿ ಸೂರು ನೋಡುತ್ತಿದ್ದೆ. ಈ ಕೆಲಸ ಬಿಟ್ಟುಬಿಡಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ, ಅವತ್ತು ರಾಜೀನಾಮೆಯ ಮೊದಲ ಸಾಲನ್ನೂ ಮನಸ್ಸಿನಲ್ಲಿ ಬರೆದೆ. ಆದರೆ ಒಂಬತ್ತನೇ ತಿಂಗಳು ನನ್ನ ಮನಸ್ಸಿಗೆ ಕಾಯುವುದಿಲ್ಲ. ಮೂರನೇ ದಿನ ಅವಳಿಗೆ ಫೋನ್ ಮಾಡಿದೆ.

"ನಿಮ್ಮವ್ವನ ಮುಂದೆ ನಾನು ನಂದು ಯೋಳ್ತೀನಿ. ನಿಂದಲ್ಲ, ನಂದು. ಆಮೇಲೆ ನಿನಗೆ ಯೋಳ್ಬೇಕು ಅನ್ನಿಸಿದ್ರೆ ಯೋಳು. ಇಲ್ದಿದ್ರೆ ನಾನು ಎದ್ದು ಬತ್ತೀನಿ, ಇನ್ನು ಈ ಮಾತು ಎತ್ತಲ್ಲ."

"ಆಲು ಕರೆಯೋ ಒತ್ಗೆ ಬನ್ನಿ" ಎಂದಳು. "ಕರೀತಾ ಇದ್ರೆ ಅವ್ಳು ಎದ್ದೋಗಕಾಗಲ್ಲ."

ಹೋದೆ. ಕೊಟ್ಟಿಗೆಯಲ್ಲಿ ತಾಯಿ ಕೆಂದ ಹಸುವಿನ ಕೆಚ್ಚಲು ತೊಳೆಯುತ್ತಿದ್ದಳು. ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಬಕೆಟ್ಟಿಗೆ ಹಾಲು ಬೀಳುವ ಸದ್ದು ಒಂದೇ ಸಮನಾದ ಮೇಲೆ ನಾನು ಶುರುಮಾಡಿದೆ. ಗಂಟು ಕಂಡದ್ದು, ಕುಯ್ದದ್ದು, ಕೂದಲು ಉದುರಿದ್ದು, ಆರು ತಿಂಗಳಿಗೊಮ್ಮೆ ತೋರಿಸಬೇಕಾದದ್ದು, ಊರಿಗೆ ಹೇಳಿದ ಸುಳ್ಳು, ಸಾಸಿವೆಯ ದಿಂಡು. ನನ್ನ ದನಿ ನನಗೇ ಬೇರೆಯವರದಂತೆ ಕೇಳುತ್ತಿತ್ತು. ಅವಳು ಕೈ ನಿಲ್ಲಿಸದೆ ಕೇಳಿದಳು.

"ಅಂಗಾರೆ ಮಾದಪ್ಪನ ಎಸರೇಳಿ ಸುಳ್ಳೇಳಿದ್ಯಾ?"

"ಊ ಅಕ್ಕ."

"ತಪ್ಪು ಕಾಣ್ಕೆ ಕಟ್ಟು." ಕೆಚ್ಚಲಿನಿಂದ ಕಣ್ಣು ತೆಗೆಯದೆ, "ಈಗ್ಲೂ ನೋಯ್ತದಾ?" ಎಂದಳು.

"ಕೈ ನೋಯ್ತದೆ."

"ಇದ್ನೆಲ್ಲ ನನ್ಗ್ಯಾಕೆ ಯೋಳ್ತಿದೀಯೆ?"

ನಾನು ಬಾಗಿಲ ಕಡೆ ನೋಡಿದೆ. ಆಗ ಬಾಗಿಲಿನಿಂದ ಹುಡುಗಿ ಹೇಳಿದಳು: "ಅವ್ವ, ನೀನು ತಿಪ್ಪೆಗೆ ಸುರುದ್ಯಲ್ಲ, ಅದು ರಕ್ತದ ಮಾತ್ರೆ ಅಲ್ಲ."

ಮುಂದಿನದನ್ನು ಅವಳೇ ಹೇಳಿದಳು. ಕಾಯಿಲೆಯ ಹೆಸರು, ಗಂಡನಿಗೂ ಇರುವುದು, ಮಾತ್ರೆ ಯಾಕೆ ಬೇಕಿತ್ತು, ತಪ್ಪಿದ್ದರಿಂದ ಏನಾಗಿದೆ, ಕೂಸಿಗೆ ಏನಾಗಬಹುದು. ಎಲ್ಲೂ ಅಳಲಿಲ್ಲ. ಹಾಲಿನ ಸದ್ದು ನಿಂತಿತು. ಹಸು ಕತ್ತು ತಿರುಗಿಸಿ ನೋಡಿತು. ತಾಯಿ ಮತ್ತೆ ಕೆಚ್ಚಲಿಗೆ ಕೈ ಹಾಕಿ, ಕೊನೆಯ ಹನಿಯವರೆಗೂ ಕರೆದು, ಬಕೆಟ್ಟನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದಳು.

"ಆ ಚೀಟಿ ಬರ್ದೋರ್ಯಾರು?"

"ನಾನೇ."

"ಓದೋಕೆ ಬರ್ದಿರೋ ಮುಂಡೇವು ಅಂತ ತಿಳ್ಕಂಡಿದ್ಯಾ ನಮ್ಮನ್ನ? ಸರ್ಯಾಗಿ ಬರ್ದಿದ್ರೆ ನಾನ್ಯಾಕೆ ಎಸೀತಿದ್ದೆ? ನನ್ ಕೈಯ್ಯಾರ ನನ್ ಮೊಮ್ಮಗೀಗೆ ಇಸ ಆಕೋ ಅಂಗೆ ಮಾಡ್ಬುಟ್ಯಲ್ಲೇ!"

ಬಕೆಟ್ಟಿನ ಹಾಲನ್ನು ಕ್ಯಾನಿಗೆ ಸುರಿದಳು. ಅವಳು ಕ್ಯಾನು ಹೊತ್ತು ಡೈರಿಗೆ ಹೊರಟುಹೋದಳು. ಅವಳ ಜೊತೆ ಊರಿಗೆಲ್ಲ ಸುದ್ದಿ ಹೋಯಿತೆಂದೇ ನಾನು ಎಣಿಸಿದೆ. ಹುಡುಗಿ ಗೋಡೆ ಹಿಡಿದು ಕೆಳಗೆ ಕೂತಳು. ನಾನೂ ಅವಳ ಪಕ್ಕ ಕೂತೆ.

ವಾಪಸು ಬಂದವಳು ಮನೆಯೊಳಕ್ಕೆ ಬರಲಿಲ್ಲ, ನೆಟ್ಟಗೆ ತಿಪ್ಪೆಗೆ ಹೋದಳು. ಕವೆಗೋಲಿನಲ್ಲಿ ಕೆದಕುತ್ತಿದ್ದಳು. ನಾನು ಹತ್ತಿರ ಹೋಗಿ, ಬೇರೆ ಮಾತ್ರೆ ಕೊಟ್ಟಿದ್ದಾರೆ, ಈಗ ನುಂಗುತ್ತಿದ್ದಾಳೆ, ಅದು ಸಿಕ್ಕಿದರೂ ಪ್ರಯೋಜನವಿಲ್ಲ ಎಂದೆ. "ಗೊತ್ತು ಬುಡು" ಎಂದಳು, ಆದರೂ ಕೆದಕಿದಳು. ಬೆನ್ನು ಅಲುಗುತ್ತಿತ್ತು. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, "ಕೋಳಿಗಳು ತಿಂದಿದ್ರೆ ಅವುಕ್ಕೇನಾಯ್ತದೆ?" ಎಂದು ಕೇಳಿದಳು. ಏನೂ ಆಗುವುದಿಲ್ಲ ಎಂದೆ. "ಸರಿ. ಕೂಸ್ಗೆ ಏನೇನ್ ಮಾಡ್ಬೇಕು, ಒಂದೊಂದಾಗಿ ಯೋಳು."

ಮಾತ್ರೆ ಮತ್ತೆ ಶುರುವಾದ ಆರನೇ ವಾರ ಹೆರಿಗೆಯಾಯಿತು. ಹೆಣ್ಣು ಕೂಸು. ವೈರಸ್ ಇಳಿದಿತ್ತು, ಸಾಕೆನ್ನುವಷ್ಟು ಇಳಿದಿರಲಿಲ್ಲ. ಸೂಜಿ ಇಲ್ಲದ ಸಿರಿಂಜಿನಲ್ಲಿ ಮೊದಲ ಹನಿ ಹಾಕುವುದನ್ನು ನರ್ಸು ತೋರಿಸಿಕೊಟ್ಟರು, ಎರಡನೆಯದನ್ನು ಅಜ್ಜಿಯೇ ಹಾಕಿದಳು. ಕೆಚ್ಚಲು ಹಿಡಿದು ಹಿಡಿದು ಗಟ್ಟಿಯಾದ ಆ ಬೆರಳು ಸಿರಿಂಜಿನ ಗೆರೆಯಿಂದ ಒಂದು ಕೂದಲೆಳೆಯೂ ಆಚೀಚೆ ಹೋಗಲಿಲ್ಲ. ಊರಿಗೆ ಕರೆದುಕೊಂಡು ಹೋದ ಮೇಲೆ ಕೊಟ್ಟಿಗೆಯ ಗೋಡೆಯ ಮೇಲೆ, ಒಂದು ಸಲ ಔಷಧಿ ಹಾಕಿದರೆ ಒಂದು ಸುಣ್ಣದ ಬೊಟ್ಟು ಇಟ್ಟಳು. ಜೇನು ಹಿಡಿದುಕೊಂಡು ಬಂದ ನಾದಿನಿಯನ್ನು ಬಾಗಿಲಲ್ಲೇ ತಡೆದಳಂತೆ. "ನಮ್ ಕೂಸ್ಗೆ ತಾಯಾಲು ಬುಟ್ರೆ ಏನೂ ಸೋಕಿಸ್ಬೇಡಿ ಅಂದವ್ರೆ, ಓಗು" ಎಂದಳಂತೆ. ನಾನು ಹೋದಾಗಲೆಲ್ಲ ಮೊದಲು ಗೋಡೆ ನೋಡುತ್ತಿದ್ದೆ. ಒಂದು ಬೊಟ್ಟೂ ತಪ್ಪಿರಲಿಲ್ಲ.

ಆರನೇ ವಾರ ಕೂಸಿನ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ರಕ್ತದ ಚುಕ್ಕೆ ಇಳಿಸಿ ಕಳಿಸಿದರು. ವರದಿ ಬರಲು ವಾರಗಳೇ ಹಿಡಿದವು. ಆ ವಾರಗಳ ಬಗ್ಗೆ ಬರೆಯಲು ನನ್ನಲ್ಲಿ ಏನೂ ಇಲ್ಲ. ಊಟ ಸೇರುತ್ತಿರಲಿಲ್ಲ, ಅಷ್ಟೇ. ಕೊನೆಗೆ ಸಮಾಲೋಚಕಿ ಫೋನ್ ಮಾಡಿ, ವೈರಸ್ ಕಂಡಿಲ್ಲ ಎಂದರು. ಆಮೇಲೆ ಆರು ತಿಂಗಳದೂ ಆಯಿತು, ಹದಿನೆಂಟು ತಿಂಗಳ ಕೊನೆಯ ಪರೀಕ್ಷೆಯೂ ಆಯಿತು. ಕೂಸಿಗೆ ಸೋಂಕಿಲ್ಲ. ಆದರೆ ನನಗೆ ನೆನಪಿರುವುದು ಆ ಮೊದಲ ದಿನ.

ಸುದ್ದಿ ಹೇಳಲು ನಾನೇ ಹೋದೆ. ಹುಡುಗಿ ಕೂಸನ್ನು ಮುಖಕ್ಕೊತ್ತಿಕೊಂಡು ಒಳಗೆ ಹೋದಳು. ಅಜ್ಜಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಕೇಳಿಸಿಕೊಂಡು, ಉಳಿದ ಹುಲ್ಲನ್ನೂ ಹಾಕಿ ಮುಗಿಸಿ, ಕೈ ಕೊಡವಿಕೊಂಡಳು.

"ಕೂಸಿಂದಾಯ್ತು. ನಿಂದು?"

"ನಂದೇನು?"

"ಆರು ತಿಂಗ್ಳಿಗೊಂದ್ಸಲ ತೋರಿಸ್ಬೇಕು ಅಂದಿದ್ಯಲ್ಲ ಅವತ್ತು. ಯಾವಾಗ ಓಗಿದ್ದೆ?"

ಹೋಗಿ ಒಂದು ವರ್ಷವಾಗಿತ್ತು. ಕೆಲಸ, ಬಸ್ಸು, ಹೆರಿಗೆ ಎಂದು ಏನೇನೋ ಹೇಳಿದೆ. ನಿಜವಾಗಿ ನನಗೆ ಭಯವಿತ್ತು. ಇನ್ನೊಂದು ಕಡೆಯೂ ಗಂಟು ಸಿಕ್ಕರೆ ಮತ್ತೆ ಮೊದಲಿನಿಂದ ಎಲ್ಲವನ್ನೂ ಬಚ್ಚಿಡುವ ತ್ರಾಣ ನನ್ನಲ್ಲಿರಲಿಲ್ಲ. ಅವಳಿಗೆ ಅದನ್ನೂ ಹೇಳಿದೆ. ಅವಳು ಸಮಾಧಾನದ ಮಾತು ಆಡಲಿಲ್ಲ. "ಸೋಮ್ವಾರ ಬತ್ತೀನಿ. ಮೊದಲ್ನೇ ಬಸ್ಗೆ ನಿಂತಿರು" ಎಂದಳು.

ಸೋಮವಾರ ಬೆಳಗಿನ ಹಾಲು ಕರೆಯುವುದನ್ನು ಅಳಿಯನಿಗೆ ಒಪ್ಪಿಸಿ, ಸೆರಗಿನಲ್ಲಿ ಎರಡು ರೊಟ್ಟಿ ಕಟ್ಟಿಕೊಂಡು ಬಂದಳು. ಪಾಂಡವಪುರದಲ್ಲಿ ನಾನು ಬಸ್ಸು ಹತ್ತಿದಾಗ ಕಿಟಕಿ ಪಕ್ಕದ ಸೀಟನ್ನು ಹಿಡಿದಿಟ್ಟಿದ್ದಳು. ಬಲಗೈ ಇಡಲು ಅವಳ ಮಡಿಲಿತ್ತು. ಮೈಸೂರಿನ ಆಸ್ಪತ್ರೆ ತಲುಪುವವರೆಗೂ ನಾನು ನಿದ್ದೆ ಮಾಡಿದೆ.

ಕಿಟಕಿಯ ಮುಂದೆ ಸಾಲು ಉದ್ದವಿತ್ತು. ನಮ್ಮ ಸರದಿ ಬಂದಾಗ ಒಳಗಿದ್ದವನು ತಲೆ ಎತ್ತದೆ, "ಪೇಶೆಂಟಿಗೆ ನೀವೇನಾಗಬೇಕು?" ಎಂದ. ಅಭ್ಯಾಸಬಲದಿಂದ ಚಿಕ್ಕಮ್ಮ ಎನ್ನಲು ನಾನು ಬಾಯಿ ತೆರೆದೆ. ಅವಳು ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಕಿಟಕಿಗೆ ಮುಖ ಕೊಟ್ಟಳು. ಹಿಂದೆ ನಿಂತವರೆಲ್ಲ ಕೇಳುತ್ತಿದ್ದರು.

"ಪೇಶೆಂಟು ಇವ್ಳು. ನಾನು ಇವ್ಳಕ್ಕ. ಎದೆ ಕ್ಯಾನ್ಸರು" ಎಂದಳು. "ಚೀಟೀಲಿ ಸರ್ಯಾಗಿ ಬರ್ಕೊಳಪ್ಪ."